ದಪ್ಪಗಿರುವುದು ತಪ್ಪೇ?

ಜ್ವರ ಬಂದವರಿಗೆ ನಾವು 'ಔಷಧ ತಗೊಳ್ಳಿ' ಎನ್ನುತ್ತೇವೆ. ಮೈ ಬಂದವರಿಗೆ 'ಬಾಯಿ ಕಟ್ಟಿರಿ' ಎನ್ನುತ್ತೇವೆ. ಮೊದಲ ಮಾತಿನಲ್ಲಿ ಕಾಳಜಿಯಿದೆ, ಎರಡನೆಯದರಲ್ಲಿ ತೀರ್ಪಿದೆ. ಬೊಜ್ಜು ಕಾಯಿಲೆಯೋ ಅಥವಾ ನಡತೆಯ ದೋಷವೋ ಎಂಬ ಪ್ರಶ್ನೆ ಈಚೆಗೆ ಹಣದ ಪ್ರಶ್ನೆಯೂ ಆಗಿದೆ. ಅದಕ್ಕೆ ಮದ್ದು ಬಂದಿದೆ. ಆದರೆ ಆ ಮದ್ದಿನ ಖರ್ಚು ಹೊರುವವರು ಯಾರು?

ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಎಂಬ ಈ ಔಷಧಗಳು ಕರುಳಿನ ಹಾರ್ಮೋನನ್ನು ಅನುಕರಿಸಿ ಹಸಿವನ್ನು ತಗ್ಗಿಸುತ್ತವೆ. ವಾರಕ್ಕೊಂದು ಚುಚ್ಚುಮದ್ದು. 2021ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ ಸೆಮಾಗ್ಲುಟೈಡ್ ಪಡೆದವರ ತೂಕ ಸರಾಸರಿ ಶೇ. 15ರಷ್ಟು ಇಳಿಯಿತು. ಮದ್ದು ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದದ್ದರ ಮೂರನೇ ಎರಡು ಪಾಲು ಮರಳಿ ಬಂತು. ಮನಸ್ಸು ಗಟ್ಟಿ ಮಾಡಿದರೆ ಸಾಕು ಎನ್ನುವವರು ಈ ಸಂಗತಿಯನ್ನು ಯೋಚಿಸಬೇಕು. ಹಸಿವು ಬರೀ ಮನಸ್ಸಿನ ಮಾತು ಕೇಳುವುದಿಲ್ಲ.

ರಾಯಬಾಗ ತಾಲ್ಲೂಕಿನ ಅಲಖನೂರಿನಂಥ ಕಬ್ಬಿನ ಸೀಮೆಯ ಊರಲ್ಲಿ ಹೊಲಿಗೆ ಯಂತ್ರದ ಮುಂದೆ ದಿನ ಕಳೆಯುವ ಒಬ್ಬ ತಾಯಿಯನ್ನು ಕಲ್ಪಿಸಿಕೊಳ್ಳಿ. ಸಕ್ಕರೆ ಕಾಯಿಲೆ, ಮಂಡಿನೋವು, ತೂಕ ತೊಂಬತ್ತು ದಾಟಿದೆ. 'ಅಕ್ಕಾರ, ಊಟ ಕಡಿಮಿ ಮಾಡ್ರಿ' ಎಂಬುದು ಆಕೆಗೆ ಪುಕ್ಕಟೆ ಸಿಗುವ ಏಕೈಕ ಚಿಕಿತ್ಸೆ. ಈ ಮದ್ದಿಗೆ ತಜ್ಞ ವೈದ್ಯರ ಚೀಟಿ ಬೇಕು. ಗಡಿ ಭಾಗದ ಜನ ತಜ್ಞರೆಂದರೆ ಇಂದಿಗೂ ಮಿರಜಿನ ಕಡೆ ಮುಖ ಮಾಡುತ್ತಾರೆ. ಚೀಟಿ ಸಿಕ್ಕರೂ ಬೆಲೆ? 2025ರ ಮಾರ್ಚ್‌ನಲ್ಲಿ ಮೌಂಜಾರೊ ಭಾರತಕ್ಕೆ ಬಂದಾಗ ಅತಿ ಸಣ್ಣ ಪ್ರಮಾಣಕ್ಕೇ ವಾರಕ್ಕೆ 3,500 ರೂಪಾಯಿ, ತಿಂಗಳಿಗೆ 14,000. ಆ ವರ್ಷ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ. ಅಂದರೆ ಒಂದು ತಿಂಗಳ ಮದ್ದಿಗೆ 38 ದಿನದ ದುಡಿಮೆ. 2026ರ ಮಾರ್ಚ್‌ನಲ್ಲಿ ಸೆಮಾಗ್ಲುಟೈಡ್‌ನ ಪೇಟೆಂಟ್ ಮುಗಿದ ಮೇಲೆ ದೇಶೀ ಕಂಪನಿಗಳ ಪೈಪೋಟಿಯಿಂದ ಬೆಲೆ ಇಳಿದಿದೆ. ಆದರೂ ವರ್ಷಗಟ್ಟಲೆ ಕೊಳ್ಳಬೇಕಾದ ಮದ್ದು ಬಡವರಿಗೆ ಭಾರವೇ.

ವಿಮೆ ಏನನ್ನುತ್ತದೆ? ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮದಂತೆ ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಹಣ ಸಿಗಬೇಕಾದರೆ ಬಿಎಂಐ 40 ಇರಬೇಕು, ಇಲ್ಲವೇ ತೀವ್ರ ಕಾಯಿಲೆಗಳ ಜೊತೆ 35 ಇರಬೇಕು. ಭಾರತೀಯರಿಗೆ 25ಕ್ಕೇ ಬೊಜ್ಜು ಎಂದು ನಮ್ಮ ವೈದ್ಯರು 2009ರಲ್ಲೇ ಹೇಳಿದ್ದಾರೆ. ಮದ್ದಿನ ವಿಷಯಕ್ಕೆ ಬಂದರೆ, ಹೆಚ್ಚಿನ ಪಾಲಿಸಿಗಳು ಆಸ್ಪತ್ರೆಗೆ ದಾಖಲಾಗದೆ ಕೊಂಡ ಔಷಧಿಗೆ ಹಣ ಕೊಡುವುದಿಲ್ಲ. 2003ರಲ್ಲಿ ತಿಂಗಳಿಗೆ ಐದು ರೂಪಾಯಿಯ ಲೆಕ್ಕದಲ್ಲಿ ರೈತರನ್ನು ಒಟ್ಟುಗೂಡಿಸಿದ ಯಶಸ್ವಿನಿ ಯೋಜನೆ ಹೆಮ್ಮೆಯ ಪ್ರಯೋಗ. ಆದರೆ ಅದರ ಒತ್ತೂ ಶಸ್ತ್ರಚಿಕಿತ್ಸೆಯ ಮೇಲೆಯೇ ಇತ್ತು. ಬಡ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ನೆರವಾಗುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕವೂ ಮುಖ್ಯವಾಗಿ ಆಸ್ಪತ್ರೆಯ ಚಿಕಿತ್ಸೆಗೇ. ಆ ತಾಯಿಯ ಹೃದಯದ ನಾಳ ಕಟ್ಟಿಕೊಂಡರೆ ಸ್ಟೆಂಟ್‌ಗೆ ಹಣವುಂಟು. ಕಟ್ಟದಂತೆ ತಡೆಯುವ ಮದ್ದಿಗೆ ಇಲ್ಲ. ಇದು ಯಾವ ಲೆಕ್ಕ?

'ತಾವೇ ತಿಂದು ತಂದುಕೊಂಡದ್ದಕ್ಕೆ ಸಮಾಜವೇಕೆ ಹಣ ಕೊಡಬೇಕು?' ಎಂಬ ಮಾತಿದೆ. ನಿಪ್ಪಾಣಿ ತಂಬಾಕಿನ ನಾಡು. ತಂಬಾಕು ಅಗಿದು ಬಾಯಿಹುಣ್ಣಾಗಿ ಕ್ಯಾನ್ಸರಾದವನನ್ನು ಸರಕಾರಿ ಯೋಜನೆ 'ನೀನೇಕೆ ಅಗಿದೆ' ಎಂದು ಕೇಳುವುದಿಲ್ಲ. ಕೇಳಬಾರದು ಕೂಡ. ತಪ್ಪನ್ನು ತೂಗಿ ಔಷಧ ಕೊಡುವುದಾದರೆ ಆಸ್ಪತ್ರೆ ಕೋರ್ಟಾಗುತ್ತದೆ. ಮಸೀದಿಯ ಪ್ರವಚನವೂ ಮಠದ ಪ್ರವಚನವೂ ಮಿತಾಹಾರವನ್ನು ಬೋಧಿಸುತ್ತವೆ. ಅದು ಸರಿಯಾದ ಬೋಧನೆಯೇ. ಆದರೆ ಸಂಯಮ ನಮಗೆ ನಾವು ವಿಧಿಸಿಕೊಳ್ಳಬೇಕಾದ ಶಿಸ್ತು. ಇನ್ನೊಬ್ಬರಿಗೆ ಮದ್ದು ನಿರಾಕರಿಸಲು ಅದು ನೆಪವಾಗಬಾರದು.

ಹಾಗೆಂದು ಎಲ್ಲರಿಗೂ ಚುಚ್ಚುಮದ್ದು ಹಂಚಿ ಎನ್ನಲಾಗದು. ರಕ್ತಹೀನತೆಯ ತಾಯಂದಿರು, ತೂಕವಿಲ್ಲದ ಮಕ್ಕಳು ಅದೇ ಓಣಿಯಲ್ಲಿದ್ದಾರೆ, ಬೊಕ್ಕಸ ಒಂದೇ. ವಾಕರಿಕೆಯಿಂದ ಪಿತ್ತಕೋಶದ ಕಲ್ಲಿನವರೆಗೆ ಅಡ್ಡಪರಿಣಾಮಗಳೂ ಇವೆ. ಮದುವೆಯ ಫೋಟೋಕ್ಕಾಗಿ ತೆಳ್ಳಗಾಗುವವರ ಖರ್ಚು ಸಮಾಜದ್ದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ನೂರು ಹೆಂಗಸರಲ್ಲಿ ಸುಮಾರು ಮೂವತ್ತು ಮಂದಿಯ ತೂಕ ಹೆಚ್ಚಿತ್ತು. ಅಷ್ಟು ಜನರಿಗೆ ಮದ್ದೇ ಉತ್ತರವಾಗದು. ಅಗ್ಗದ ಎಣ್ಣೆ, ಬಿಸ್ಕಿಟ್, ತಂಪು ಪಾನೀಯಗಳ ಪೇಟೆಯನ್ನೂ ಪ್ರಶ್ನಿಸಬೇಕು.

ಆದ್ದರಿಂದ ಅಗತ್ಯವೇ ಅಳತೆಗೋಲಾಗಲಿ. ಬೊಜ್ಜಿನ ಜೊತೆ ಸಕ್ಕರೆ ಕಾಯಿಲೆ, ಹೃದಯದ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು ಮೊದಲ ಸಾಲಿನಲ್ಲಿರಲಿ. ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಈ ಮದ್ದುಗಳನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದ್ದೂ ಇಂಥವರಿಗಾಗಿಯೇ. ಸರಕಾರ ದೇಶೀ ಮದ್ದನ್ನು ಸಗಟಾಗಿ ಕೊಂಡು ತಾಲ್ಲೂಕು ಆಸ್ಪತ್ರೆಯಲ್ಲಿ ತಜ್ಞರ ನಿಗಾದಲ್ಲಿ ಕೊಡಬಹುದು. ವಿಮೆಯ ಮೂಲ ಅರ್ಥ ಒಬ್ಬರ ಕಷ್ಟಕ್ಕೆ ಹಲವರು ಹೆಗಲು ಕೊಡುವುದು. ಕಷ್ಟದಲ್ಲಿರುವವರು ದಪ್ಪಗಿದ್ದಾರೆಂಬ ಕಾರಣಕ್ಕೆ ಹೆಗಲು ಹಿಂತೆಗೆಯುವುದು ನ್ಯಾಯವಲ್ಲ.