‘ಮುಂದಿನ ತಿಂಗಳು ಖಂಡಿತ ಬರುತ್ತದೆ’

ಮನೆಯ ಒಬ್ಬರಾದರೂ ಗಲ್ಫಿನಲ್ಲಿ ದುಡಿಯುವ ಕುಟುಂಬಗಳು ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ಅಪರೂಪವಲ್ಲ. ಹಾಗೆ ಹೋದವರೆಲ್ಲರೂ ಕಬ್ಬಿಣ ಹೊರುವವರಲ್ಲ. ಹಾಜರಿ ಬರೆಯುವವರು, ಲೆಕ್ಕ ನೋಡುವವರು, ಸೂಪರ್‌ವೈಸರುಗಳು ಎಷ್ಟೋ ಮಂದಿ ಇದ್ದಾರೆ. ಕಂಪನಿ ಕೆಟ್ಟಾಗ ಈ ನಡುವಿನವರ ಹೊಣೆ ಎಷ್ಟು? ಪಾಪನಿವೇದನೆಗೆ ಮೊಣಕಾಲೂರಿದಾಗ ಇದು ಅವರ ನೆನಪಿಗೆ ಬರಬೇಕೇ?

ಸೌದಿ ಓಜರ್ ಎಂಬ ಗುತ್ತಿಗೆ ಕಂಪನಿಯ ಹೆಸರನ್ನು ನೀವು ಕೇಳಿರಬಹುದು. ಲೆಬನಾನಿನ ಪ್ರಧಾನಿಯಾಗಿದ್ದ ರಫೀಕ್ ಹರೀರಿಯವರ ಕುಟುಂಬದ ಈ ಕಂಪನಿಯಲ್ಲಿ ಸಾವಿರಾರು ಜನರು ಕೆಲಸಕ್ಕಿದ್ದರು. 2014ರಲ್ಲಿ ಎಣ್ಣೆಯ ಬೆಲೆ ಕುಸಿಯಿತು. ಸರ್ಕಾರದಿಂದ ಬರಬೇಕಾದ ಬಾಕಿ ತಡವಾಯಿತು, ಕಂಪನಿಯ ಸಾಲವೂ ಬೆಳೆಯಿತು. 2016ರ ಹೊತ್ತಿಗೆ ತಿಂಗಳುಗಟ್ಟಲೆ ಸಂಬಳವಿಲ್ಲ. ವಾಸದ ಪರವಾನಗಿ ನವೀಕರಿಸುವುದು ಮಾಲೀಕನ ಕೆಲಸ, ಅದೂ ಆಗಲಿಲ್ಲ. ಪರವಾನಗಿ ಇಲ್ಲದೆ ಬೇರೆ ಕೆಲಸ ಸಿಗದು. ಮಾಲೀಕನ ಒಪ್ಪಿಗೆಯಿಲ್ಲದೆ ದೇಶ ಬಿಟ್ಟು ಹೊರಡಲು ಅಂದಿನ ಕಾನೂನು ಬಿಡುತ್ತಿರಲಿಲ್ಲ. ಕೊನೆಗೆ ಶಿಬಿರಗಳ ಅಡಿಗೆಮನೆಯೂ ನಿಂತಿತು. ಜಿದ್ದಾ, ಮಕ್ಕಾ, ತಾಯಿಫ್ ಕಡೆಯ ಐದು ಶಿಬಿರಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಭಾರತೀಯರಿದ್ದರು. ಅಂದಿನ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ಅವರು ಜಿದ್ದಾದ ಭಾರತೀಯ ಕಾನ್ಸುಲೇಟ್ ಕಚೇರಿಯ ಮೂಲಕ ಅಕ್ಕಿ ಬೇಳೆ ಕಳುಹಿಸಬೇಕಾಯಿತು. 2017ರ ಜುಲೈ ಕೊನೆಗೆ ಕಂಪನಿ ಬಾಗಿಲು ಹಾಕಿತು.

ಇದರಲ್ಲಿ ತಪ್ಪು ಯಾರದು? ಸಂತ ಎರಡನೇ ಜಾನ್ ಪಾಲರು 1981ರಲ್ಲಿ ಬರೆದ ದುಡಿಮೆಯ ಕುರಿತಾದ ವಿಶ್ವಪತ್ರದಲ್ಲಿ ಒಂದು ಭೇದ ಮಾಡುತ್ತಾರೆ. ಕೆಲಸಗಾರನೊಡನೆ ಕರಾರು ಮಾಡಿಕೊಂಡವನು ನೇರ ಮಾಲೀಕ. ಆ ಕರಾರು ನ್ಯಾಯವಾಗಿ ನಡೆಯಲು ಅಥವಾ ಕೆಡಲು ಕಾರಣವಾಗುವ ಸರ್ಕಾರ, ಸಂಸ್ಥೆ, ವ್ಯಕ್ತಿಗಳು ಪರೋಕ್ಷ ಮಾಲೀಕರು. ಇಬ್ಬರಿಗೂ ಹೊಣೆಯಿದೆ. ಬಿಲ್ಲು ಪಾವತಿಸದೆ ಕುಳಿತ ಸರ್ಕಾರಕ್ಕೂ ಇದೆ, ‘ನಮಗೇ ದುಡ್ಡು ಬಂದಿಲ್ಲ’ ಎಂದು ಕೈಚೆಲ್ಲಿದ ಕಂಪನಿಗೂ ಇದೆ. ತಡೆಹಿಡಿದ ಕೂಲಿ ದೇವರಿಗೇ ಮೊರೆಯಿಡುತ್ತದೆ ಎಂಬ ಸಂತ ಯಕೋಬರ ಎಚ್ಚರಿಕೆ ಇಬ್ಬರಿಗೂ ಸಲ್ಲುತ್ತದೆ.

ಆದರೆ ಇಂಥ ಕಂಪನಿಗಳಲ್ಲಿ ಕೆಲಸಗಾರನು ಮಾಲೀಕನ ಮುಖವನ್ನೇ ಕಂಡಿರುವುದಿಲ್ಲ. ಅವನು ಕಾಣುವುದು ಸೂಪರ್‌ವೈಸರನನ್ನು. ‘ಮುಂದಿನ ತಿಂಗಳು ಖಂಡಿತ ಬರುತ್ತದೆ, ಕೆಲಸ ನಿಲ್ಲಿಸಬೇಡಿ’ ಎನ್ನುವವನು ಅವನೇ. ಅವನೂ ಸಂಬಳದಾಳು, ಅವನಿಗೂ ಊರಲ್ಲಿ ಮಕ್ಕಳ ಫೀಸು, ಬ್ಯಾಂಕಿನ ಕಂತು. ಮೇಲಿನಿಂದ ಬಂದ ಮಾತನ್ನು ನಂಬಿ ಹೇಳಿದ್ದರೆ ಅದು ಸುಳ್ಳಲ್ಲ, ಅವನೂ ಮೋಸಹೋದವನೇ. ಪೆಟ್ಟಿಗೆ ಬರಿದಾಗಿದೆಯೆಂದು ತಿಳಿದೂ ಹಾಗೆ ಹೇಳಿದ್ದರೆ?

‘ಏನು ನಷ್ಟ? ಧೈರ್ಯ ಹೇಳಿದೆ ಅಷ್ಟೆ’ ಎನ್ನಬಹುದು. ನಷ್ಟವಿದೆ. ಮೂರನೆಯ ತಿಂಗಳಲ್ಲೇ ನಿಜ ತಿಳಿದಿದ್ದರೆ, ಪರವಾನಗಿ ಊರ್ಜಿತವಿರುವಾಗಲೇ ಆ ಮನುಷ್ಯ ಊರಿಗೆ ಮರಳಲು ಕೇಳುತ್ತಿದ್ದ, ಕಾರ್ಮಿಕ ಕಚೇರಿಗೆ ದೂರು ಕೊಡುತ್ತಿದ್ದ, ಕಡೆಗೆ ಹೆಂಡತಿಗೆ ಚಿನ್ನ ಅಡವಿಡಬೇಡ ಎಂದಾದರೂ ತಿಳಿಸುತ್ತಿದ್ದ. ಸುಳ್ಳು ಭರವಸೆ ಅವನ ಸಂಬಳದ ಜೊತೆಗೆ ಈ ತೀರ್ಮಾನಗಳನ್ನೂ ಕಸಿದುಕೊಂಡಿತು. ಎಲ್ಲ ಗುಟ್ಟನ್ನೂ ರಟ್ಟು ಮಾಡಬೇಕೆಂದು ನಾನು ಹೇಳುತ್ತಿಲ್ಲ. ಕೆಲಸ ಕಳೆದುಕೊಳ್ಳುವ ಭಯ ಸಣ್ಣದಲ್ಲ, ಪರದೇಶದಲ್ಲಂತೂ ಅಲ್ಲ. ಆದರೆ ‘ನನಗೆ ಗೊತ್ತಿಲ್ಲ, ನಾನು ಮಾತು ಕೊಡಲಾರೆ’ ಎನ್ನಲು ಯಾರೂ ಅಡ್ಡಿಮಾಡರು. ಇಷ್ಟು ಹೇಳಿದರೆ ಬುದ್ಧಿವಂತನಾದ ಕೆಲಸಗಾರನಿಗೆ ಅರ್ಥವಾಗುತ್ತದೆ.

ನಿಮ್ಮ ಮಗನೋ ಅಳಿಯನೋ ಇಂಥ ಹುದ್ದೆಯಲ್ಲಿದ್ದರೆ ಫೋನಿನಲ್ಲಿ ಏನು ಕೇಳುತ್ತೀರಿ? ‘ನಿನ್ನ ಸಂಬಳ ಬಂತಾ?’ ಎಂದು ಕೇಳುವುದು ಸಹಜ. ‘ನಿನ್ನ ಕೈಕೆಳಗಿನವರಿಗೆ ಬಂತಾ?’ ಎಂದೂ ಒಮ್ಮೆ ಕೇಳಿ ನೋಡಿ. ನೀವೇ ಇಲ್ಲಿ ಮನೆ ಕಟ್ಟಿಸುತ್ತಿದ್ದರೆ, ಕಂಟ್ರಾಕ್ಟರನಿಗೆ ಹಣ ಕೊಟ್ಟ ಶನಿವಾರ ಸಂಜೆ ಕಲ್ಲು ಹೊತ್ತ ಹೆಂಗಸರನ್ನೂ ಅದೇ ಪ್ರಶ್ನೆ ಕೇಳಬಹುದು.