ಶ್ರುತಿ ಹಿಡಿದವರು

ಮಳೆಗಾಲ ಬಂತೆಂದರೆ ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ತಾಳಮದ್ದಳೆಯ ಕಾಲ. ಭಾಗವತರ ಪದ ಹೇಗಿತ್ತು, ಕೃಷ್ಣನ ಅರ್ಥಗಾರಿಕೆ ಹೇಗಿತ್ತು ಎಂದು ಮರುದಿನವೂ ಮಾತಾಡಿಕೊಳ್ಳುತ್ತೇವೆ. ಹಾರ್ಮೋನಿಯಂ ಮುಂದೆ ಕುಳಿತು ಶ್ರುತಿ ಕೊಟ್ಟವರ ಹೆಸರನ್ನು ಮಾತ್ರ ಯಾರೂ ಎತ್ತುವುದಿಲ್ಲ. ಒಂದು ಕೈಯಲ್ಲಿ ತಿದಿ, ಇನ್ನೊಂದರ ಬೆರಳುಗಳು ಷಡ್ಜ-ಪಂಚಮದ ಮೇಲೆ. ಗಂಟೆಗಟ್ಟಲೆ ಇಷ್ಟೇ ಕೆಲಸ. ಈಗ ಎಷ್ಟೋ ಕಡೆ ಅವರ ಜಾಗಕ್ಕೆ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಬಂದಿದೆ.

ಇದೇ ಕೆಲಸವನ್ನು ಅಮೆರಿಕದಲ್ಲೊಬ್ಬರು ಕೃತಿಯೆಂದೇ ಕರೆದರು. ಲಾ ಮಾಂಟೆ ಯಂಗ್ ಎಂಬ ಸಂಗೀತಗಾರ 1960ರಲ್ಲಿ ಬರೆದ ಒಂದು ರಚನೆಯಲ್ಲಿ ಇರುವುದು ಎರಡೇ ಸ್ವರ. ಅವನ್ನು ಬಹಳ ಹೊತ್ತು ಹಿಡಿದಿರಬೇಕು, ಅಷ್ಟೆ. ನಮ್ಮ ಲೆಕ್ಕದಲ್ಲಿ ಒಂದು ಷಡ್ಜ, ಅದರ ಪಂಚಮ. ಇಂಥ ಸಂಗೀತಕ್ಕೆ ಮುಂದೆ ಮಿನಿಮಲಿಸಂ ಎಂಬ ಹೆಸರು ಬಂತು. 1970ರಲ್ಲಿ ಯಂಗ್ ಹಿಂದೂಸ್ತಾನಿ ಗಾಯಕ ಪಂಡಿತ್ ಪ್ರಾಣನಾಥರ ಶಿಷ್ಯರಾದರು.

ಶಾಲೆ ಬಿಟ್ಟ ಮೇಲೆ ಒಂದು ಸಂಜೆ, ಪ್ರಾರ್ಥನೆಯ ಹಾರ್ಮೋನಿಯಂ ಮೇಲೆ ನಾನೂ ಆ ಎರಡು ಸ್ವರ ಹಿಡಿದು ಕುಳಿತೆ. ಮೊದಲು ಬೇಸರವಾಯಿತು. ಆಮೇಲೆ ಸ್ವರದೊಳಗಿನ ಕಂಪನ, ತಿದಿಯ ಉಸಿರು ಕೇಳತೊಡಗಿದವು. ಗಮನ ಚೂರು ತಪ್ಪಿದರೆ ಗಾಳಿ ಕಡಿಮೆಯಾಗಿ ನಾದ ಕುಗ್ಗುತ್ತದೆ. ‘ಒಂದೇ ಕೆಲಸ’ ಎಂದು ನಾವು ಹಗುರವಾಗಿ ಹೇಳುವುದರಲ್ಲಿ ಎಷ್ಟು ಎಚ್ಚರವಿದೆ ನೋಡಿ! ಪ್ರತಿ ಜೂನ್‌ನಲ್ಲಿ ಹೊಸ ಮಕ್ಕಳಿಗೆ ಅದೇ ಕಾಗುಣಿತ ತಿದ್ದಿಸುವ ನನಗೆ ಇದು ಅರ್ಥವಾಗದ ಮಾತೇನಲ್ಲ.

ಹಾಗಾದರೆ ಒಂದೇ ಕೆಲಸವನ್ನು ದಿನವೂ ಮಾಡುವ ಬದುಕು ದೊಡ್ಡದೇ? ಇಲ್ಲಿ ಸ್ವಲ್ಪ ನಿಲ್ಲಬೇಕು. ಯಂಗ್ ಆ ಎರಡು ಸ್ವರಗಳನ್ನು ತಾವಾಗಿಯೇ ಆರಿಸಿಕೊಂಡರು, ಕೆಳಗೆ ಅವರ ಹೆಸರೂ ಇದೆ. ನರಸಿಂಹರಾಜಪುರದಲ್ಲಿ ನನ್ನ ಬಂಧುವೊಬ್ಬಳು ಒಂಬತ್ತು ವರ್ಷದಿಂದ ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುತ್ತಿದ್ದಾಳೆ. ಅದೇ ಗಂಜಿ, ಅದೇ ಬಟ್ಟೆ, ಅದೇ ಮಗ್ಗುಲು ಬದಲಿಸುವುದು. ಅವಳೇನೂ ಆರಿಸಿಕೊಂಡದ್ದಲ್ಲ. ಬಂದವರೆಲ್ಲ “ಭೂಮಿತಾಯಿಯಂಥ ತಾಳ್ಮೆ” ಎಂದು ಹೊಗಳಿ, ಕಾಫಿ ಕುಡಿದು ಹೊರಡುತ್ತಾರೆ. ಅವಳು ನನ್ನಲ್ಲಿ ಹೇಳಿದ್ದು ಇಷ್ಟೇ: “ಹೊಗಳಿಕೆ ಬೇಡ ಅಕ್ಕಾ, ತಿಂಗಳಿಗೆರಡು ದಿನ ಯಾರಾದರೂ ಬಂದು ಕುಳಿತರೆ ಸಾಕು.”

ತಾನೇ ಒಪ್ಪಿ ಹಿಡಿದ ಶ್ರುತಿ ತಪಸ್ಸು. ಬೇರೆಯವರು ಹಿಡಿಸಿ, ಹೊಗಳಿ, ಮರೆತುಬಿಟ್ಟ ಶ್ರುತಿಯನ್ನು ತಪಸ್ಸೆಂದು ಕರೆಯಲು ನನಗೆ ನಾಲಿಗೆ ಏಳುವುದಿಲ್ಲ. ಶ್ರುತಿ ನಿಲ್ಲಬಾರದು, ನಿಜ. ಆದರೆ ತಿದಿ ಒತ್ತುವ ಕೈ ಬದಲಾಗಬಹುದಲ್ಲವೇ?