'ನಮಗೆ ಗೊತ್ತಿರುವವರೇ' ಎನ್ನುವ ಮುನ್ನ



ಭಾನುವಾರದ ಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ನಾಲ್ಕು ಜನ ನಿಂತರೆ ಮಕ್ಕಳ ಕೆಲಸದ ಮಾತು ಬಂದೇ ಬರುತ್ತದೆ. ಒಬ್ಬರ ಮಗ ಡಿಪ್ಲೊಮಾ ಮುಗಿಸಿ ಎರಡು ವರ್ಷವಾಗಿರುತ್ತದೆ. ಇನ್ನೊಬ್ಬರ ಮಗಳು ನರ್ಸಿಂಗ್ ಓದಿ ಕುವೈತಿಗೆ ಹೋಗುವ ದಾರಿ ಕಾಯುತ್ತಿರುತ್ತಾಳೆ. ಆಗ ಯಾರಾದರೂ ಒಬ್ಬರು, "ಒಬ್ಬರಿದ್ದಾರೆ, ನಮಗೆ ಗೊತ್ತಿರುವವರೇ, ಮಾಡಿಸಿಕೊಡುತ್ತಾರೆ" ಎನ್ನುತ್ತಾರೆ. ಈಗೀಗ ಇದೇ ಮಾತು ಮೊಬೈಲಿನ ಸಂದೇಶವಾಗಿ ಮನೆಯಿಂದ ಮನೆಗೆ ಹೋಗುತ್ತದೆ. ಹೇಳಿದವರಿಗೆ ಅದರಿಂದ ಒಂದು ಕಾಸಿನ ಲಾಭವೂ ಇಲ್ಲ. ಒಂದು ಮನೆಗೆ ಉಪಕಾರವಾಗಲಿ ಎಂಬುದಷ್ಟೇ ಅವರ ಮನಸ್ಸು. ಆ ಮಾತನ್ನು ನಂಬಿ ಒಂದು ಮನೆ ಹಾಳಾದರೆ, ಹೇಳಿದವರ ಮೇಲೆ ದೋಷವಿದೆಯೇ?

2022ರಲ್ಲಿ ದೆಹಲಿಯಲ್ಲಿ ಬೆಳಕಿಗೆ ಬಂದ ಒಂದು ಪ್ರಕರಣವನ್ನು ತಾವು ಪತ್ರಿಕೆಗಳಲ್ಲಿ ಓದಿರಬಹುದು. ತಮಿಳುನಾಡಿನ 28 ಮಂದಿ ಯುವಕರು ಆ ವರ್ಷದ ಜೂನ್, ಜುಲೈ ತಿಂಗಳುಗಳಲ್ಲಿ ನವದೆಹಲಿ ರೈಲು ನಿಲ್ದಾಣದ ಬೇರೆಬೇರೆ ಪ್ಲಾಟ್‌ಫಾರಂಗಳಲ್ಲಿ ನಿಂತು, ದಿನಕ್ಕೆ ಎಂಟು ಗಂಟೆ ಕಾಲ, ಬಂದುಹೋಗುವ ರೈಲುಗಳನ್ನೂ ಅವುಗಳ ಬೋಗಿಗಳನ್ನೂ ಎಣಿಸುತ್ತಿದ್ದರು. ಸುಮಾರು ಒಂದು ತಿಂಗಳು ಹೀಗೆ ಎಣಿಸಿದರು. ಇದು ರೈಲ್ವೆ ಕೆಲಸದ ತರಬೇತಿ ಎಂದು ಅವರಿಗೆ ಹೇಳಲಾಗಿತ್ತು. ಟಿಕೆಟ್ ಪರೀಕ್ಷಕನ ಕೆಲಸ, ಗುಮಾಸ್ತನ ಕೆಲಸ ಸಿಗುವುದೆಂದು ಒಬ್ಬೊಬ್ಬರು 2 ಲಕ್ಷದಿಂದ 24 ಲಕ್ಷ ರೂಪಾಯಿವರೆಗೆ ಕೊಟ್ಟಿದ್ದರು. ಒಟ್ಟು 2 ಕೋಟಿ 67 ಲಕ್ಷ. ವೈದ್ಯಕೀಯ ಪರೀಕ್ಷೆ ನಡೆದಿತ್ತು, ಗುರುತಿನ ಚೀಟಿ ಬಂದಿತ್ತು, ನೇಮಕಾತಿ ಪತ್ರವೂ ಕೈಸೇರಿತ್ತು. ಕಾಗದವೆಲ್ಲ ಸುಳ್ಳು. ಆ ಹುಡುಗರು ಎಣಿಸಿದ ರೈಲುಗಳು ಮಾತ್ರ ನಿಜ.

ಆದರೆ ನನ್ನನ್ನು ಕಾಡಿದ್ದು ಹುಡುಗರ ಕಥೆಗಿಂತ, ಪೊಲೀಸರಿಗೆ ದೂರು ಕೊಟ್ಟವರ ಕಥೆ. ಅವರು 78 ವರ್ಷದ ಮಾಜಿ ಸೈನಿಕರು. ಆ ಯುವಕರನ್ನು ವಂಚಕರ ಬಳಿಗೆ ಕರೆದೊಯ್ದವರೂ ಅವರೇ. ದೆಹಲಿಯಲ್ಲಿ ಪರಿಚಯವಾದ ಒಬ್ಬನನ್ನು ಅವರು ನಂಬಿದರು. ಮೊದಲು ಹೋದವರು ಮೂವರೇ. ಸುದ್ದಿ ಊರಿಂದೂರಿಗೆ ಹಬ್ಬಿ ಸಂಖ್ಯೆ 28ಕ್ಕೆ ಏರಿತು. ನಿರುದ್ಯೋಗಿ ಹುಡುಗರಿಗೆ ನೆರವಾಗಲೆಂದು ಹೋದೆ, ನನಗೆ ಹಣದ ಆಸೆ ಇರಲಿಲ್ಲ ಎಂಬುದು ಅವರ ಹೇಳಿಕೆ. ಇಂಥ ವಂಚನೆಗಳಲ್ಲಿ ನಡುವೆ ನಿಲ್ಲುವವರು ಎಷ್ಟೋ ಸಲ ಇಂಥ ಒಳ್ಳೆಯವರೇ. ವಂಚಕನ ಮುಖ ನೋಡಿ ಯಾರೂ ಹೊಲ ಅಡವಿಡುವುದಿಲ್ಲ. ನಡುವೆ ನಿಂತ ನಮ್ಮವರ ಮುಖ ನೋಡಿ ಅಡವಿಡುತ್ತಾರೆ.

ನನ್ನದೇ ಒಂದು ತಪ್ಪನ್ನು ಇಲ್ಲಿ ಹೇಳಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಧರ್ಮಕೇಂದ್ರದ ಒಬ್ಬ ತಾಯಿ ತಮ್ಮ ಮಗನ ವಿಷಯವಾಗಿ ಒಬ್ಬ ಏಜೆಂಟನ ಹೆಸರೆತ್ತಿ, "ಹೇಗೆ, ಒಳ್ಳೆಯವರಾ?" ಎಂದು ಕೇಳಿದರು. ಆತನನ್ನು ನಾನು ಒಂದೆರಡು ಮದುವೆಗಳಲ್ಲಿ ನೋಡಿದ್ದೆ, ಅಷ್ಟೇ. "ಒಳ್ಳೆಯವರೇ ಅಮ್ಮಾ, ಧೈರ್ಯವಾಗಿ ಕೊಡಿ" ಎಂದುಬಿಟ್ಟೆ. ಹುಡುಗನಿಗೆ ಕೆಲಸ ಸಿಕ್ಕಿತು. ಆ ತಾಯಿ ಈಗಲೂ ನನ್ನನ್ನು ಕಂಡರೆ ಕೈಮುಗಿಯುತ್ತಾರೆ. ಆ ಮಾಜಿ ಸೈನಿಕರಿಗೂ ನನಗೂ ಏನು ವ್ಯತ್ಯಾಸ? ಇಬ್ಬರೂ ನಮಗೆ ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದೆವು. ನನ್ನದು ಅದೃಷ್ಟಕ್ಕೆ ನಿಜವಾಯಿತು, ಅವರದು ಸುಳ್ಳಾಯಿತು. ಫಲ ಚೆನ್ನಾಗಿ ಬಂದಿತೆಂದು ನನ್ನ ಮಾತು ಸಾಚಾ ಆಗುವುದಿಲ್ಲ. ಎಂಟನೆಯ ಕಟ್ಟಳೆ ಸುಳ್ಳುಸಾಕ್ಷಿಯನ್ನು ಕುರಿತದ್ದೆಂದು ಧರ್ಮೋಪದೇಶದಲ್ಲಿ ಕಲಿತಾಗ, ಅದು ಕೋರ್ಟಿಗೆ ಹೋಗುವವರ ವಿಷಯವೆಂದು ನಾನು ತಿಳಿದಿದ್ದೆ!

ಹಾಗಾದರೆ ಯಾರಿಗೂ ಏನೂ ಹೇಳದೆ ಬಾಯಿ ಹೊಲಿದುಕೊಂಡು ಇರಬೇಕೇ? ಅದೂ ಸರಿಯಲ್ಲ. ನಮ್ಮ ಎಷ್ಟೋ ಮಕ್ಕಳು ಒಬ್ಬರು ಹೇಳಿದ ಒಂದು ಮಾತಿನಿಂದಲೇ ಬದುಕು ಕಂಡಿದ್ದಾರೆ. ಗೊತ್ತಿರುವಷ್ಟನ್ನೇ ಹೇಳಿ, ಹೇಗೆ ಗೊತ್ತು ಎಂಬುದನ್ನೂ ಹೇಳಿದರೆ ಸಾಕು. ಉಳಿದದ್ದನ್ನು ವಿಚಾರಿಸಲು ಅವರ ಜೊತೆಗೆ ಒಂದು ಗಂಟೆ ಕೂತರೆ ಇನ್ನೂ ಒಳ್ಳೆಯದು.

ವಿಚಾರಿಸುವುದು ಅಂಥ ಕಷ್ಟದ ಕೆಲಸವೇನಲ್ಲ. ರೈಲ್ವೆಗೆ ಸೇರಿಸಿಕೊಳ್ಳುವುದು ನೇಮಕಾತಿ ಮಂಡಳಿಗಳ ಬಹಿರಂಗ ಪ್ರಕಟಣೆ ಮತ್ತು ಪರೀಕ್ಷೆಯ ಮೂಲಕ. ಹಿಂಬಾಗಿಲಿನ ಬೆಲೆ ಹೇಳುವವನು ವಂಚಕನೆಂದೇ ತಿಳಿಯಿರಿ. ವಿದೇಶಕ್ಕೆ ಜನರನ್ನು ಕಳುಹಿಸುವ ಏಜೆಂಟನು 1983ರ ವಲಸೆ ಕಾಯ್ದೆಯಂತೆ ಕೇಂದ್ರ ಸರ್ಕಾರದಲ್ಲಿ ನೋಂದಾಯಿಸಿಕೊಂಡಿರಬೇಕು. ಅವನು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ರಸೀದಿಯನ್ನೂ ಕೊಡಬೇಕು. ನೋಂದಣಿ ಇದೆಯೋ ಇಲ್ಲವೋ ಎಂಬುದನ್ನು ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಯಾರು ಬೇಕಾದರೂ ನೋಡಬಹುದು. 'ಸದ್ಯಕ್ಕೆ ಪ್ರವಾಸಿ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸಿಕೊಳ್ಳೋಣ' ಎಂದರೆ ಅಲ್ಲಿಗೇ ನಿಲ್ಲಿಸಿ. ನಮ್ಮ ಕಲಬುರಗಿಯ ಯುವಕರು ಭದ್ರತಾ ಸಿಬ್ಬಂದಿಯ ಕೆಲಸವೆಂದು ನಂಬಿ ರಷ್ಯಾಕ್ಕೆ ಹೋಗಿ, ಉಕ್ರೇನ್ ಯುದ್ಧದ ನಡುವೆ ಅಲ್ಲಿನ ಸೇನೆಯ ಕೈಗೆ ಸಿಕ್ಕಿಬಿದ್ದರು. 2024ರ ಸೆಪ್ಟೆಂಬರಿನಲ್ಲಿ ಅವರು ಊರಿಗೆ ಮರಳುವವರೆಗೆ ಆ ಮನೆಗಳಲ್ಲಿ ಯಾರು ನಿದ್ದೆ ಮಾಡಿದ್ದಾರು?

ಇನ್ನೊಂದು ಕಹಿ ಮಾತು. ಸರ್ಕಾರಿ ಕೆಲಸಕ್ಕೆ ಲಕ್ಷಗಟ್ಟಲೆ ಕೊಡಲು ಹೊರಟವರು, ರಾತ್ರಿಯೆಲ್ಲ ಓದಿ ಪರೀಕ್ಷೆ ಬರೆದ ಇನ್ನೊಬ್ಬ ಬಡವರ ಮಗನ ಜಾಗಕ್ಕೆ ಬೆಲೆ ಕಟ್ಟಿದಂತಾಗುತ್ತದೆ. ಅದು ಒಳಗೊಳಗೇ ಗೊತ್ತಿರುವುದರಿಂದಲೇ ಮೋಸಹೋದ ಮೇಲೆ ದೂರು ಕೊಡಲು ನಾಚಿಕೆ. ನಾವೋ, "ದುರಾಸೆ, ಆಗಬೇಕಾದ್ದೇ ಆಯಿತು" ಎಂದು ಆಡಿಕೊಂಡು ಆ ನಾಚಿಕೆಯನ್ನು ಇನ್ನಷ್ಟು ಹೆಚ್ಚಿಸುತ್ತೇವೆ. ಅವರು ಬಾಯಿ ಮುಚ್ಚಿಕೊಳ್ಳುತ್ತಾರೆ. ವಂಚಕ ಪಕ್ಕದ ಊರಿಗೆ ಹೋಗುತ್ತಾನೆ. ಆ ಮಾಜಿ ಸೈನಿಕರನ್ನು ನಾನು ಗೌರವಿಸುವುದು ಇದಕ್ಕಾಗಿಯೇ. 78ರ ವಯಸ್ಸಿನಲ್ಲಿ, 'ಕರೆದುಕೊಂಡು ಹೋದವನು ನಾನೇ' ಎಂದು ಪೊಲೀಸರ ಮುಂದೆ ಹೇಳುವುದು ಸುಲಭವಲ್ಲ. ಮೊಬೈಲಿನ ಮೂಲಕ ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ನನಗೆ ಕೈಮುಗಿಯುವ ಆ ತಾಯಿ ಇತ್ತೀಚೆಗೆ ಮತ್ತೆ ಬಂದರು, ಈ ಸಲ ಮಗಳ ವಿಷಯ. ಬೇರೊಬ್ಬ ಏಜೆಂಟನ ಹೆಸರು ಹೇಳಿದರು. "ನನಗೆ ಅವರು ಗೊತ್ತಿಲ್ಲ ಅಮ್ಮಾ. ಕಾಗದ ತನ್ನಿ, ಕೂತು ನೋಡೋಣ" ಎಂದೆ. ಅವರ ಮುಖ ಸ್ವಲ್ಪ ಬಾಡಿತು. ಮುಂದಿನ ಭಾನುವಾರ ಕಾಗದ ತಂದರು. ನೋಂದಣಿ ಸಂಖ್ಯೆ ಇರಲಿಲ್ಲ, ಕೆಲಸ ಕೊಡುವ ಕಂಪನಿಯ ವಿಳಾಸವೂ ಇರಲಿಲ್ಲ. ಹಣ ಇನ್ನೂ ಕೊಟ್ಟಿರಲಿಲ್ಲ. ಆದರೆ ಮಗಳ ಪಾಸ್‌ಪೋರ್ಟ್ ಆಗಲೇ ಆತನ ಕೈಯಲ್ಲಿತ್ತು. ಅದನ್ನು ವಾಪಸು ತರಲು ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಹುಡುಗಿಯ ಮಾವನೊಂದಿಗೆ ನಾನೂ ಹೊರಟೆ.